ಉಗುರಿನ ದಪ್ಪದಷ್ಟು

ಹದಿನಾಲ್ಕು ವರ್ಷ ಒಂದೇ ಕೆಲಸವನ್ನು ಮಾಡಿಕೊಂಡು ಬಂದ ಮನುಷ್ಯನಿಗೆ ಆ ಕೆಲಸ ಬರುತ್ತದೆಯೋ ಇಲ್ಲವೋ ಎಂಬುದನ್ನು ಲಿಖಿತ ಪರೀಕ್ಷೆಯಿಂದ ತಿಳಿದುಕೊಳ್ಳಬೇಕೇ? ಓದುಗರು ಉತ್ತರಿಸುವ ಮೊದಲು ನನ್ನ ಉತ್ತರವನ್ನು ಹೇಳಿಬಿಡುವುದು ನ್ಯಾಯ. ತಿಳಿದುಕೊಳ್ಳಲೇಬೇಕು ಎಂದು ಮುಂಡರಗಿ ಕಡೆಯ ಒಂದು ಸಣ್ಣ ಕಾಲೇಜಿನ ಆಡಳಿತ ಮಂಡಳಿಯ ಎದುರು ಮುಕ್ಕಾಲು ಗಂಟೆ ವಾದಿಸಿ ಗೆದ್ದವಳು ನಾನು. ಆ ಗೆಲುವಿನ ಫಲವನ್ನು ಉಂಡವರು ಹೋದ ತಿಂಗಳು ತೀರಿಕೊಂಡರು. ಅವರನ್ನು ಕುರಿತು ಬರೆಯುವ ಅರ್ಹತೆ ನನಗಿದೆಯೇ ಎಂಬುದು ಬೇರೆಯ ಪ್ರಶ್ನೆ. ಹೊಣೆಯಂತೂ ನನ್ನದೇ.

ಅವರು ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕರು. ನಾವು ಹಾಗೆ ಕರೆಯುತ್ತಿದ್ದೆವು. ಕಾಗದದ ಮೇಲೆ ಅವರು ಏನೂ ಆಗಿರಲಿಲ್ಲ. ಶಿರಹಟ್ಟಿ ಕಡೆಯ ಹಳ್ಳಿಯೊಂದರ ಕಂಬಾರರ ಮನೆತನ. ಕಾಲೇಜು ಆರಂಭವಾದಾಗ ಪ್ರಯೋಗಾಲಯದ ಮುರುಕು ಕಬ್ಬಿಣದ ಸ್ಟ್ಯಾಂಡುಗಳನ್ನು ಬೆಸೆಯಲೆಂದು ಮೂರು ದಿನದ ಮಟ್ಟಿಗೆ ಕರೆಸಿದ್ದರಂತೆ. ಮೂರನೆಯ ದಿನ, ಯಾರೂ ಹೇಳದೆಯೇ, ಗಾಜಿನ ನಳಿಗೆಯೊಂದನ್ನು ಇದ್ದಿಲ ಕೆಂಡದಲ್ಲಿ ಕಾಸಿ, ಒಂದು ಗೆರೆಯೂ ಬೀಳದಂತೆ ಬಾಗಿಸಿ ಮೇಜಿನ ಮೇಲಿಟ್ಟರಂತೆ. ಆಗಿನ ಪ್ರಾಚಾರ್ಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ "ನಾಳೆಯೂ ಬಾ" ಎಂದರು. ಆ ನಾಳೆ ಹದಿನಾಲ್ಕು ವರ್ಷ ನಡೆದಿತ್ತು. ಊರಿನ ಕುಲುಮೆಯನ್ನು ಅವರ ತಮ್ಮ ನೋಡಿಕೊಳ್ಳುತ್ತಿದ್ದ.

ಮುಂಗೈ ತುಂಬ ಕಿಡಿ ಸಿಡಿದ ಕಲೆಗಳು. ಯಾವ ವಸ್ತುವನ್ನಾದರೂ ಮೊದಲು ಹಿಂಗೈಯಿಂದ ಮುಟ್ಟಿ, ಆಮೇಲೆ ಬೆರಳಿನಿಂದ ಹಿಡಿಯುವ ಅಭ್ಯಾಸ. ತಣ್ಣೀರಿನ ಬೀಕರನ್ನೂ ಹಾಗೆಯೇ. ಕಾಲೇಜು ಕಾಯಂ ನೌಕರರಿಗೆ ಮಾತ್ರ ಖಾಕಿ ಸಮವಸ್ತ್ರ ಕೊಡುತ್ತಿತ್ತು. ಇವರು ಸ್ವಂತ ಖರ್ಚಿನಲ್ಲಿ ಖಾಕಿ ಬಟ್ಟೆ ತಂದು ಅಂಗಿ ಹೊಲಿಸಿಕೊಂಡಿದ್ದರು. ಕೆಳಗೆ ಮಾತ್ರ ಧೋತರ. "ಅರ್ಧಾ ಸರಕಾರ, ಅರ್ಧಾ ನಾನು" ಎಂದು ನಗುತ್ತಿದ್ದರು. ಪ್ರಾಚಾರ್ಯರಿಂದ ಹಿಡಿದು ಜವಾನರವರೆಗೆ ಎಲ್ಲರಿಗೂ ಅವರು ಕಾಕಾ.

ತಾತ್ಕಾಲಿಕ ನೌಕರರ ಕೈಗೆ ಪ್ರಯೋಗಾಲಯದ ಕೀಲಿ ಕೊಡಬಾರದೆಂಬ ನಿಯಮವಿತ್ತು. ಆದ್ದರಿಂದ ಎಲ್ಲರಿಗಿಂತ ಮೊದಲು ಬರುತ್ತಿದ್ದ ಕಾಕಾ, ಕಾಯಂ ಜವಾನ ಚಹಾ ಮುಗಿಸಿ ಬರುವ ತನಕ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಏಪ್ರಿಲಿನಲ್ಲಿ ಅವರನ್ನು ಕೆಲಸದಿಂದ ತೆಗೆದು ಜೂನಿನಲ್ಲಿ ಮತ್ತೆ ತೆಗೆದುಕೊಳ್ಳುವ ಶಾಸ್ತ್ರವೂ ಪ್ರತಿವರ್ಷ ನಡೆಯುತ್ತಿತ್ತು. "ಬ್ಯಾಸಗ್ಯಾಗ ನಾ ಯಾರೂ ಅಲ್ರಿ" ಎಂದು ಅವರು ಒಮ್ಮೆ ಹೇಳಿದ್ದರು. ದುಃಖದಿಂದೇನೂ ಅಲ್ಲ, ಬೇಸಿಗೆಯಲ್ಲಿ ಕೆರೆ ಬತ್ತುತ್ತದೆ ಎನ್ನುವ ಧಾಟಿಯಲ್ಲಿ. ಕಾಯಂ ಆಗುವುದೆಂದರೆ ಅವರಿಗೆ ಇಷ್ಟೇ: ಕೀಲಿ ತಮ್ಮ ಜೇಬಿನಲ್ಲಿರಬೇಕು, ಬೇಸಿಗೆಯಲ್ಲಿಯೂ ತಾವು ಯಾರಾದರೂ ಆಗಿರಬೇಕು.

ಇನ್ನು ನಾನು, ಆ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕಿ. ಬೆಟಗೇರಿಯವಳು. ಧಾರವಾಡದಲ್ಲಿ ಓದಿ, ಚರ್ಚಾಕೂಟಗಳಲ್ಲಿ ಢಾಲುಗಳನ್ನು ಗೆದ್ದು, ವಿಷಯದ ಪರವಾಗಿಯೂ ವಿರೋಧವಾಗಿಯೂ ಸಮಾನ ಪ್ರಾಮಾಣಿಕತೆಯಿಂದ ಮಾತನಾಡಬಲ್ಲ ವಿದ್ಯೆಯನ್ನು ಸಂಪಾದಿಸಿದ್ದೆ. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಕಚೇರಿಗಳಿಗೆ ಇನ್ನೂ ಬಣ್ಣದ ವಾಸನೆ, ನಮಗೆಲ್ಲ ಹೊಸ ಮನುಷ್ಯನನ್ನು ನಿರ್ಮಿಸುವ ಹುರುಪು. ಸಮಾನಮನಸ್ಕರು ಕೆಲವರು ಸೇರಿ ಭಾನುವಾರಗಳಲ್ಲಿ ಹಳ್ಳಿಗಳಿಗೆ ಹೋಗಿ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದೆವು. ಸತ್ಯವನ್ನು ಒಮ್ಮೆ ಸ್ಪಷ್ಟವಾಗಿ ನುಡಿದರೆ ಸಾಕು, ಅದು ತಾನಾಗಿ ಹರಡುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ಕಾಕಾ ಒಬ್ಬರೇ, ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ, ಬಾಯಾರ ಎನ್ನುತ್ತಿದ್ದರು.

ವಿಸರಣೆಯ ಪಾಠ ಬಂದಾಗ ಅವರ ಕೆಲಸವನ್ನು ನೋಡಬೇಕಿತ್ತು. ಒಂದು ಪದಾರ್ಥದ ಕಣಗಳು ಇನ್ನೊಂದರ ಕಣಗಳ ನಡುವೆ ತಾವಾಗಿಯೇ ಹರಡಿಕೊಳ್ಳುವುದೇ ವಿಸರಣೆ. ವ್ಯಾಖ್ಯೆ ನನ್ನದು, 'ತಾವಾಗಿಯೇ' ಎಂಬ ಶಬ್ದವನ್ನು ಕಾಯುವ ಕೆಲಸ ಅವರದು. ಅನಿಲದ ಪ್ರಯೋಗಕ್ಕಾಗಿ ನಾನು ಅಮೋನಿಯಾದ ಬಾಟಲಿ ಕೇಳಿದರೆ, ಅವರು ಮೊದಲು ಕಿಟಕಿಗಳನ್ನು ಮುಚ್ಚುತ್ತಿದ್ದರು, ಫ್ಯಾನ್ ನಿಲ್ಲಿಸುತ್ತಿದ್ದರು, ರೆಕ್ಕೆಗಳು ಪೂರ್ತಿ ನಿಲ್ಲುವ ತನಕ ಬಾಟಲಿಯ ಮುಚ್ಚಳಕ್ಕೆ ಕೈ ಹಾಕುತ್ತಿರಲಿಲ್ಲ.

"ಸೆಕಿ ಆಗಾಕತ್ತೈತಿ ಕಾಕಾ, ಫ್ಯಾನ್ ಇರ್ಲಿ ಬಿಡ್ರಿ" ಎಂದು ಹುಡುಗಿಯರು ಗೊಣಗಿದರೆ, "ಗಾಳಿ ಹೊತ್ತಕೊಂಡ ಹೋದ್ರ ಅದು ಗಾಳಿ ಕೆಲಸವ್ವಾ, ವಾಸನಿ ಕೆಲಸ ಅಲ್ಲ. ಐದು ನಿಮಿಷ ಬೆವರ್ರಿ" ಎನ್ನುತ್ತಿದ್ದರು. ಆಮೇಲೆ ಹಿಂದಿನ ಗೋಡೆಗೆ ಆತು ನಿಂತು, ಮೂಗು ಮುಚ್ಚಿಕೊಂಡವರನ್ನು ನೋಡುತ್ತ, "ಎರಡನೇ ಬೆಂಚು ಮುಟ್ಟಿತ್ರಿ ಬಾಯಾರ... ಮೂರನೇದು..." ಎಂದು ಬಸ್ಸಿನ ಕಂಡಕ್ಟರನಂತೆ ಸಾರುತ್ತಿದ್ದರು.

ದ್ರವದ ಪ್ರಯೋಗದಲ್ಲಿ ಇನ್ನಷ್ಟು ಕಟ್ಟುನಿಟ್ಟು. ಬೀಕರಿನ ನೀರು ಅಲುಗಾಡದೆ ನಿಲ್ಲಬೇಕು. ಗಾಜಿನ ನಳಿಗೆಯೊಂದನ್ನು ತಳದ ತನಕ ಇಳಿಸಿ, ಅದರೊಳಗಿಂದ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದೇ ಒಂದು ಹರಳನ್ನು ಬಿಡಬೇಕು. ಆಮೇಲೆ ಯಾರೂ ಮೇಜನ್ನು ಮುಟ್ಟಬಾರದು. ಮೊದಲು ತಳದಲ್ಲಿ ನೇರಳೆ ಬಣ್ಣದ ಒಂದು ಎಳೆ, ಆಮೇಲೆ ಒಂದು ಪದರ. ಮೇಲಿನ ತನಕ ಏರಲು ದಿನಗಳೇ ಬೇಕು. ಒಮ್ಮೆ ಆಡಳಿತ ಮಂಡಳಿಯ ನಿರ್ದೇಶಕರೊಬ್ಬರು ತಪಾಸಣೆಗೆ ಬಂದವರು, ಬೀಕರನ್ನು ಎತ್ತಿ ಗಾಜಿನ ಕಡ್ಡಿಯಿಂದ ಗರಗರ ತಿರುಗಿಸಿ, "ಆತಲ್ಲ! ನೋಡ್ರಿ, ಎಷ್ಟು ಜಲ್ದಿ ಹರಡಿತು!" ಎಂದು ನಮ್ಮೆಲ್ಲರ ಮುಖ ನೋಡಿದರು. ನಾನು ಮುಗುಳ್ನಕ್ಕೆ. ಕಾಕಾ ಬೀಕರನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ನೀರನ್ನು ಮೋರಿಗೆ ಚೆಲ್ಲಿ, ಹೊಸ ನೀರು ತುಂಬತೊಡಗಿದರು.

"ಯಾಕೋ, ಚೊಲೊ ಆಗಿತ್ತಲ್ಲ?"

"ಕಲಕಿದ್ರ ಅದು ಸಾಹೇಬ್ರ ಮಾಡಿದ್ದಾತ್ರಿ. ನೀರ ಮಾಡಿದ್ದು ನೋಡಬೇಕಲ್ರಿ ಮಕ್ಕಳು."

ನಿರ್ದೇಶಕರು ಆ ಮಾತನ್ನು ನೆನಪಿಟ್ಟುಕೊಂಡರು. ದೊಡ್ಡವರ ನೆನಪಿನ ಶಕ್ತಿ ಇಂಥ ವಿಷಯಗಳಲ್ಲಿ ಬಹಳ ಒಳ್ಳೆಯದು.

ಉಪನ್ಯಾಸ ಪ್ರವಾಸಗಳಿಗೆ ಕಾಕಾ ಸಾಮಾನಿನ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಒಂದು ಭಾನುವಾರ ಅಂತೂರ ಬೆಂತೂರು ಎಂಬ ಹಳ್ಳಿಯಲ್ಲಿ ನಾನು ಆವೇಶದಿಂದ ಮಾತನಾಡಿದೆ: ಜಿಲ್ಲಾಕೇಂದ್ರದಿಂದ ಹೊರಟ ಜ್ಞಾನವು ಕೋಣೆಯೊಳಗಿನ ಪರಿಮಳದಂತೆ ತಾನೇ ತಾನಾಗಿ ಕಟ್ಟಕಡೆಯ ಮನೆಯನ್ನೂ ಮುಟ್ಟುತ್ತದೆ, ಇತ್ಯಾದಿ. ಚಪ್ಪಾಳೆ ಬಿತ್ತು. ಮರಳುವಾಗ ಬಸ್ಸಿನಲ್ಲಿ ಕಾಕಾ ಹೇಳಿದರು:

"ಭಾಷಣ ಚೊಲೊ ಆತ್ರಿ ಬಾಯಾರ. ಆದ್ರ ಚಪ್ಪಾಳಿ ಹೊಡದಾವ್ರು ಮೊದಲ ಒಪ್ಪಿದಾವ್ರು. ಗಿಡದ ಬುಡಕ್ಕ ಕುಂತಾವ್ರು ಕಡೀತನಕ ಎಲಿ ಅಡಿಕಿ ಹಾಕ್ಕೋತ ಕುಂತಿದ್ರು."

"ಅವರಿಗೂ ಮುಟ್ಟುತ್ತದೆ ಕಾಕಾ, ಸ್ವಲ್ಪ ದಿನ ಬೇಕು."

"ಮುಟ್ಟತೈತ್ರಿ. ಆದ್ರ ಮಂದಿ ಗಾಳಿ ಅಲ್ಲ, ಕಬ್ಬಿಣ. ಬಾಜೂಕ ಒತ್ತಿ ಇಟ್ಟು ದಿನಾನಗಟ್ಲೆ ಕಾಸಬೇಕು. ಅಂದ್ರ ಒಳಗ ಇಳೀತೈತಿ."

ನಾನು ನಕ್ಕೆ. ಉಪಮೆ ಶಾಸ್ತ್ರಕ್ಕೆ ವಿರುದ್ಧವಾಗಿತ್ತು. "ಕಬ್ಬಿಣದೊಳಗೆ ಏನೂ ಇಳಿಯುವುದಿಲ್ಲ ಕಾಕಾ. ನನ್ನ ಪುಸ್ತಕ ಓದಿ" ಎಂದೆ.

ಆ ಪುಸ್ತಕದ ವಿಷಯವನ್ನು ಇಲ್ಲಿ ಹೇಳಬೇಕು. ಹಳ್ಳಿಯ ಮಕ್ಕಳಿಗಾಗಿ ನಲವತ್ತೆಂಟು ಪುಟದ ಒಂದು ಮಾರ್ಗದರ್ಶಿಯನ್ನು ಆ ದಿನಗಳಲ್ಲಿ ನಾನು ಬರೆಯುತ್ತಿದ್ದೆ. ಅದರ ಟೈಪು ಮಾಡಿಸಿದ ಪ್ರತಿಗಳು ಆಗಲೇ ಕಾಲೇಜಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಧಾರವಾಡದಲ್ಲಿ ನಾನು ಕಲಿತದ್ದು, ಘನಪದಾರ್ಥಗಳಲ್ಲಿಯೂ ವಿಸರಣೆ ಇದೆ, ಆದರೆ ಸಾಮಾನ್ಯ ಉಷ್ಣತೆಯಲ್ಲಿ ಅದು ನಗಣ್ಯ ಎಂದು. ನಗಣ್ಯ ಎಂಬ ಶಬ್ದ ಮಕ್ಕಳಿಗೆ ಕಠಿಣ ಎನಿಸಿತು. ಸರಳಗೊಳಿಸುವುದು ಸುಧಾರಕರ ಮೊದಲ ಕರ್ತವ್ಯವಲ್ಲವೇ? ಹಾಗಾಗಿ, "ಅನಿಲಗಳಲ್ಲಿ ವಿಸರಣೆ ವೇಗವಾಗಿ ನಡೆಯುತ್ತದೆ. ದ್ರವಗಳಲ್ಲಿ ನಿಧಾನವಾಗಿ ನಡೆಯುತ್ತದೆ. ಘನಗಳಲ್ಲಿ ನಡೆಯುವುದಿಲ್ಲ" ಎಂದು ಬರೆದೆ. ಮೂರು ವಾಕ್ಯ, ಒಂದರ ಕೆಳಗೊಂದು, ಮೆಟ್ಟಿಲಿನಂತೆ. ಓದಿದವರೆಲ್ಲ ಮೆಚ್ಚಿದರು.

ಆ ವರ್ಷವೇ ಪ್ರಯೋಗಾಲಯಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಯಿತು. ಕಾಕಾ ಇದ್ದರು, ಜೊತೆಗೆ ಬೀಕರು ಕಲಕಿದ ಆ ನಿರ್ದೇಶಕರ ಹೆಂಡತಿಯ ತಮ್ಮನೂ ಇದ್ದ. ಶಿಫಾರಸಿನ ಮೇಲೆ ನೇಮಕ ನಡೆಯುವುದೇ ಅಲ್ಲಿಯ ಪದ್ಧತಿ. ಇದನ್ನು ಮುರಿಯಲೇಬೇಕೆಂದು ನಾನು ಟೊಂಕ ಕಟ್ಟಿದೆ. ಮಂಡಳಿಯ ಅಧ್ಯಕ್ಷರು ವ್ಯಾಪಾರಸ್ಥ ಮನೆತನದ ಹಿರಿಯರು, ಮಿತಭಾಷಿ. ನನ್ನ ವಾದವನ್ನೆಲ್ಲ ಕೇಳಿ, "ಅಲ್ರಿ ಮೇಡಂ, ಕಾಕಾನ ಕೆಲಸ ನಾವ್ಯಾರೂ ನೋಡಿಲ್ಲೇನು? ಸುಮ್ಮ ಅವರಿಗೆ ಕೊಟ್ಟು ಬಿಡೋಣು" ಎಂದರು.

ಆ ಕ್ಷಣಕ್ಕೆ ನಾನು ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ನ್ಯಾಯವು ಅನ್ಯಾಯದ ಹಾದಿಯಿಂದ ಬರಬಾರದು ಎಂಬುದು ನನ್ನ ಸಿದ್ಧಾಂತ. ಒಳ್ಳೆಯವರಿಗೆ ಇಂದು ಶಿಫಾರಸಿನಿಂದ ಕೊಟ್ಟರೆ ನಾಳೆ ಕೆಟ್ಟವರೂ ಅದೇ ಬಾಗಿಲಿನಿಂದ ಬರುತ್ತಾರೆ ಎಂದೆ. ಲಿಖಿತ ಪರೀಕ್ಷೆಯಾಗಬೇಕು, ಉತ್ತರಪತ್ರಿಕೆಗಳ ಮೇಲೆ ಹೆಸರಿನ ಬದಲು ಸಂಖ್ಯೆಗಳಿರಬೇಕು, ಫಲಿತಾಂಶ ಪ್ರಕಟವಾದ ಮೇಲೆ ಯಾರ ಒತ್ತಡಕ್ಕೂ ಮರುಮೌಲ್ಯಮಾಪನ ಮಾಡಬಾರದು ಎಂದೆ. ಎಲ್ಲವೂ ಅಂಗೀಕಾರವಾಯಿತು. ಪ್ರಶ್ನೆಪತ್ರಿಕೆ ತೆಗೆಯುವ ಮತ್ತು ಉತ್ತರ ನೋಡುವ ಭಾರವನ್ನು ನನ್ನ ಮೇಲೆಯೇ ಹಾಕಿದರು. ನಿರ್ದೇಶಕರು ಮಾತ್ರ, "ಪ್ರಶ್ನೆಗಳು ಮೇಡಂ ಅವರ ಪುಸ್ತಕದಾಗಿಂದ ಬಂದ್ರ ಎಲ್ಲಾರಿಗೂ ಸಮಾನ ಆಗತೈತಿ" ಎಂಬ ತಿದ್ದುಪಡಿ ತಂದರು. ಲೇಖಕಿಯ ಅಭಿಮಾನಕ್ಕೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ.

ನಿರ್ದೇಶಕರ ಭಾವಮೈದುನ ನನ್ನ ಮಾರ್ಗದರ್ಶಿಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಬಾಯಿಪಾಠ ಮಾಡಿದ. ಕಾಕಾ ಪರೀಕ್ಷೆಯ ಹಿಂದಿನ ದಿನವೂ ಬ್ಯೂರೆಟ್ಟುಗಳನ್ನು ತೊಳೆಯುತ್ತಿದ್ದರು.

ಏಳನೆಯ ಪ್ರಶ್ನೆ: 'ಘನಪದಾರ್ಥಗಳಲ್ಲಿ ವಿಸರಣೆ ನಡೆಯುವುದಿಲ್ಲ. ಸರಿಯೋ ತಪ್ಪೋ? ಕಾರಣ ಕೊಡಿ.' ಒಂದು ಪತ್ರಿಕೆಯಲ್ಲಿ 'ಸರಿ' ಎಂದು, ನನ್ನದೇ ಮೂರು ಮೆಟ್ಟಿಲು ವಾಕ್ಯಗಳಿದ್ದವು. ಇನ್ನೊಂದರಲ್ಲಿ ದಪ್ಪ ದಪ್ಪ ಅಕ್ಷರಗಳಲ್ಲಿ ಹೀಗಿತ್ತು:

'ತಪ್ಪು. ಕಬ್ಬಿಣಕ್ಕ ಇದ್ದಿಲ ಪುಡಿ ಒತ್ತಿ ಮಣ್ಣ ಮೆತ್ತಿ ಕೆಂಪಗ ಕಾಸಿದರ ಇದ್ದಿಲು ಒಳಗ ಹೋಗತೈತಿ. ಮುಂಜಾನಿಂದ ಸಂಜಿತನಕ ಕಾಸಿದರ ಉಗುರಿನ ದಪ್ಪದಷ್ಟು. ಅದಕ್ಕ ಕುಂಟಿಯ ಕುಡ ಸವಿಯೂದಿಲ್ಲ.'

ಕುಂಟೆಯ ಕುಡವೆಂದರೆ ಹೊಲ ಹರಗುವ ಕಬ್ಬಿಣದ ಅಲಗು. ಹೆಸರಿನ ಬದಲು ಸಂಖ್ಯೆಯಿತ್ತು, ಖರೆ. ಆದರೆ ಇಡೀ ತಾಲ್ಲೂಕಿನಲ್ಲಿ ಈ ಉತ್ತರವನ್ನು ಬರೆಯಬಲ್ಲವರು ಒಬ್ಬರೇ. ನನಗೆ ಗುರುತು ಸಿಕ್ಕಿತು; ಇದು ಕಾಕಾ ಎಂದು ಸಂತೋಷವೂ ಆಯಿತು. ಆ ಸಂತೋಷವೇ ನನ್ನನ್ನು ಹೆದರಿಸಿತು. ಪರಿಚಯದವರಿಗೆ ಒಲಿಯುತ್ತಿದ್ದೇನೆಯೇ? ಧಾರವಾಡದ ಕೋಣೆಯೊಂದರಲ್ಲಿ ಕೇಳಿದ್ದ ಪಾಠ ಮನಸ್ಸಿನ ಮೂಲೆಯಲ್ಲಿ ಮಿಸುಕಾಡಿದ್ದು ನಿಜ. ಅದನ್ನು ಪಕ್ಷಪಾತದ ಪ್ರೇರಣೆಯೆಂದು ತಳ್ಳಿ, ಮಾದರಿ ಉತ್ತರವನ್ನು ಎದುರಿಗಿಟ್ಟುಕೊಂಡು, ಕೆಂಪು ಶಾಯಿಯಿಂದ ಒಂದು ಅಡ್ಡ ಗೆರೆ ಎಳೆದೆ. ಬದಿಯಲ್ಲಿ 'ವಿಷಯಾಂತರ' ಎಂದು ಬರೆದೆ. ಚರ್ಚಾಕೂಟದ ತೀರ್ಪುಗಾರರು ಬಳಸುವ ಆ ಶಬ್ದದ ಮೇಲೆ ನನಗೆ ಹಳೆಯ ಮೋಹ. ನಿಷ್ಪಕ್ಷಪಾತಿಯಾದೆನೆಂಬ ತೃಪ್ತಿಯಿಂದ ಆ ದಿನ ಊಟ ಸ್ವಲ್ಪ ಹೆಚ್ಚೇ ಸೇರಿತು.

ಶುಕ್ರವಾರ ಫಲಿತಾಂಶ ಫಲಕಕ್ಕೆ ಬಿತ್ತು. ಕಾಕಾ ಒಂದು ಅಂಕದಿಂದ ಸೋತಿದ್ದರು.

ಶನಿವಾರ ಅವರು ನನ್ನ ಮೇಜಿನ ಬಳಿ ಬಂದರು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಯಾವ ಪ್ರಶ್ನಿ ತಪ್ಪಾತ್ರಿ ಬಾಯಾರ?"

ಹೇಳಿದೆ.

"ಹಂಗಾದ್ರ ಕುಡ ಹೆಂಗ ಗಟ್ಟಿ ಆಗತೈತ್ರಿ?"

ಅದು ಸವಾಲಾಗಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಇಷ್ಟು ವರ್ಷ ತಮ್ಮ ಅಪ್ಪ, ಅಜ್ಜ ಮಾಡಿಕೊಂಡು ಬಂದದ್ದು ಇದ್ದಿಲಿನಿಂದ ಅಲ್ಲವಾದರೆ ಮತ್ತೆ ಏತರಿಂದ ಎಂದು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಬೆಂಕಿ, ನೀರು, ಮೇಲ್ಮೈ ಎಂದು ಏನೋ ಹೇಳಿದೆ. "ಮ್ಯಾಲ ಮ್ಯಾಲ ಅಂಟತೈತಿ ಅಂತೀರಿ. ಆತ್ರಿ, ನೋಡತೀನಿ" ಎಂದು ಹೋದರು.

ಸೋಮವಾರ ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬಂದ ಎರಡು ಸಣ್ಣ ಕಬ್ಬಿಣದ ಸಲಾಕೆಗಳನ್ನು ನನ್ನ ಎದುರು ಇಟ್ಟರು. ಒಂದೇ ಸಲಾಕೆಯನ್ನು ಎರಡು ತುಂಡು ಮಾಡಿದ್ದು. ಭಾನುವಾರ ಹಗಲೆಲ್ಲ ತಮ್ಮನ ಕುಲುಮೆಯಲ್ಲಿ ಎರಡನ್ನೂ ಕಾಸಿದ್ದರು.

"ಇದಕ್ಕ ಇದ್ದಿಲ ಪುಡಿ, ಸುಟ್ಟ ಕೊಂಬಿನ ಪುಡಿ ಒತ್ತಿ ಮಣ್ಣ ಮೆತ್ತೀನಿ. ಇದಕ್ಕ ಬರೇ ಮಣ್ಣು. ಬೆಂಕಿ ಒಂದ, ನೀರು ಒಂದ. ಈಗ ಅರ ಹಚ್ಚಿ ನೋಡ್ರಿ."

ಕಬ್ಬಿಣ ಉಜ್ಜುವ ಅರವನ್ನು ಎರಡರ ಮೇಲೂ ಆಡಿಸಿದೆ. ಬರೇ ಮಣ್ಣು ಮೆತ್ತಿದ ತುಂಡಿನ ಮೇಲೆ ಅದು ಕಚ್ಚಿ ಪುಡಿ ಉದುರಿಸಿತು. ಇದ್ದಿಲಿನ ತುಂಡಿನ ಮೇಲೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಆಮೇಲೆ ಕಾಕಾ ಅದನ್ನು ಹಿಡಿಯಿಕ್ಕಳದಲ್ಲಿ ಸಿಕ್ಕಿಸಿ ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದು ಮುರಿದರು. ಮುರಿದ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಹರಳುಹರಳಾದ ಹೊಳೆಯುವ ತಿರುಳು. ಸುತ್ತಲೂ ಬೂದುಬಣ್ಣದ, ನುಣುಪಾದ ಒಂದು ಅಂಚು. ಮೇಲೆ ಅಂಟಿದ್ದಲ್ಲ, ಒಳಗೆ ಇಳಿದದ್ದು. ಉಗುರಿನ ದಪ್ಪದಷ್ಟು, ಹೆಚ್ಚಿಲ್ಲ ಕಡಿಮೆಯಿಲ್ಲ.

"ನಾ ಬರೆದದ್ದು ತಪ್ಪೇನ್ರಿ?"

ನನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿ, ಏನನ್ನಾದರೂ ಸಾಧಿಸಬೇಕಾದರೆ ಎರಡು ವಸ್ತುಗಳನ್ನು ಹೋಲಿಸಿ, ಒಂದೇ ಒಂದು ಅಂಶವನ್ನು ಬದಲಿಸಿ ನೋಡಬೇಕು ಎಂದು ಬರೆದಿದ್ದೆ. ಇಡೀ ಜಿಲ್ಲೆಯಲ್ಲಿ ಅದನ್ನು ಪಾಲಿಸಿದವರನ್ನು ನಾನು ಕಂಡದ್ದು ಅವತ್ತೇ. "ತಪ್ಪಲ್ಲ ಕಾಕಾ. ತಪ್ಪು ನನ್ನದು. ನಾನು ಸರಿಪಡಿಸುತ್ತೇನೆ" ಎಂದೆ.

ಅದೇ ಸಂಜೆ ಅಧ್ಯಕ್ಷರ ಮನೆಗೆ ಹೋದೆ. ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲವೆಂಬ ನನ್ನದೇ ನಿಯಮವನ್ನು ಅವರು ಎತ್ತಿ ಆಡುತ್ತಾರೆಂದು, ಅದರ ವಿರುದ್ಧ ಐದು ವಾದಗಳನ್ನು ಹೊಂದಿಸಿಕೊಂಡು ಹೋಗಿದ್ದೆ. ಅವರು ಕಬ್ಬಿಣದ ತುಂಡನ್ನು ಹೊರಳಿಸಿ ನೋಡಿದರು.

"ಚಾ ತಗೋರಿ ಮೇಡಂ. ತಪ್ಪು ಯಾರದು?"

"ನನ್ನದು. ಪುಸ್ತಕದಲ್ಲಿಯೂ ತಪ್ಪಿದೆ, ಉತ್ತರ ನೋಡುವಾಗಲೂ ತಪ್ಪಿದೆ."

"ಇಷ್ಟ ಬರದು ಸಹಿ ಮಾಡಿ ಕೊಡ್ರಿ. ಶುಕ್ರವಾರ ನೇಮಕದ ಕಾಗದ ಗದಗಿಗೆ ಹೋಗ್ತಾವ. ಅದಕ್ಕಿಂತ ಮೊದಲ ಕೊಟ್ರ ನಾ ಕಾಕಾನ ಹೆಸರು ಬರೀತೀನಿ. ನಿರ್ದೇಶಕರ ಬಾಯಿ ನಾ ನೋಡ್ಕೋತೀನಿ."

ಐದು ವಾದಗಳೂ ವ್ಯರ್ಥವಾದವು. ಎದುರಾಳಿಯೇ ಇರಲಿಲ್ಲ.

ಒಂದೇ ತೊಡಕು. ಆ ಶುಕ್ರವಾರದ ಬೆನ್ನಿಗೇ ಬರುವ ಭಾನುವಾರ, ಗದಗಿನಲ್ಲಿ, ದೊಡ್ಡ ಅಧಿಕಾರಿಯೊಬ್ಬರ ಕೈಯಿಂದ ನನ್ನ ಪುಸ್ತಕದ ಬಿಡುಗಡೆ ಇತ್ತು. ಅಚ್ಚಾಗಿ, ಹಳದಿ ಹೊದಿಕೆ ತೊಟ್ಟು ಕಟ್ಟುಗಳು ಬಂದಿದ್ದವು. ಹೊಸ ಜಿಲ್ಲೆಯ ಪ್ರೌಢಶಾಲೆಗಳಿಗೆಲ್ಲ ಹಂಚುವ ಮಾತಾಗಿತ್ತು. ಅದರಲ್ಲಿ ತಪ್ಪಿದೆ ಎಂದು ಶುಕ್ರವಾರದೊಳಗೆ ಸಹಿ ಮಾಡಿ ಕೊಟ್ಟರೆ, ನಿರ್ದೇಶಕರು ಆ ಪತ್ರವನ್ನು ಭಾನುವಾರದ ವೇದಿಕೆಯವರೆಗೆ ಒಯ್ಯದೆ ಬಿಡುತ್ತಿರಲಿಲ್ಲ. ಒಂದು ಸಣ್ಣ ವಾಕ್ಯದ ನೆಪದಿಂದ ಇಡೀ ವಿಜ್ಞಾನ ಚಳವಳಿಗೆ ಕಳಂಕ ಬರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಚಳವಳಿಗೆ ನನ್ನದೇ ಮುಖವಿತ್ತೆಂಬುದನ್ನು ಹೇಳಿಕೊ‌ಳ್ಳಲಿಲ್ಲ.

ಮಂಗಳವಾರ ಪತ್ರ ಬರೆದೆ. ಭಾಷೆ ಒರಟೆನಿಸಿತು, ಹರಿದೆ. ಬುಧವಾರ 'ಅಂಶತಃ' ಎಂಬ ಶಬ್ದ ಸೇರಿಸಿದೆ. ಗುರುವಾರ 'ಒಂದು ವಿಶಿಷ್ಟ ದೃಷ್ಟಿಕೋನದಿಂದ ನೋಡಿದಲ್ಲಿ' ಎಂದು ಆರಂಭಿಸಿದೆ. ಅಂದು ಮಧ್ಯಾಹ್ನ ಕಾಕಾ ಮೆಲ್ಲಗೆ ಕೇಳಿದರು:

"ಪತ್ರ ಕೊಟ್ರೇನ್ರಿ ಬಾಯಾರ?"

"ಬರೆಯುತ್ತಿದ್ದೇನೆ ಕಾಕಾ. ಸರಿಯಾದ ಶಬ್ದಗಳು ಸಿಗಬೇಕು."

"ಬರೀರಿ, ಬರೀರಿ. ನಿಮಗ ಭಾಷಾ ಚೊಲೊ ಐತಿ."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಶುಕ್ರವಾರ ಕಾಗದಗಳು ಗದಗಿಗೆ ಹೋದವು. ಭಾನುವಾರ ಪುಸ್ತಕ ಬಿಡುಗಡೆಯಾಯಿತು. ಸಾಮಾನಿನ ಪೆಟ್ಟಿಗೆ ಹೊತ್ತು ಬಂದಿದ್ದ ಕಾಕಾ, ಸಭಾಂಗಣದ ಹಿಂದೆ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಸೋಮವಾರ ನಾನು ಎಲ್ಲ ವಿಶೇಷಣಗಳನ್ನೂ ತೆಗೆದು, ಎರಡೇ ಸಾಲಿನ ಪತ್ರ ಬರೆದು ಅಧ್ಯಕ್ಷರ ಕೈಗೆ ಕೊಟ್ಟೆ. ಅವರು ಓದಿ, ಮಡಚಿ, ನನಗೇ ಹಿಂತಿರುಗಿಸಿದರು.

"ಶುಕ್ರವಾರ ಸಂಜಿತನಕ ಹಾದಿ ನೋಡಿದೆ ಮೇಡಂ. ಇನ್ನ ಕಾಯ್ದೆ ಬಿಡೂದಿಲ್ಲ. ಕಾಯ್ದೆ ನೀವ ಮಾಡಿದ್ದು."

ಕಾಕಾನಿಗೆ ನಾನೇ ತಿಳಿಸಿದೆ. ಅವರು ಕೈಯಲ್ಲಿದ್ದ ಪರೀಕ್ಷಾನಳಿಗೆಯನ್ನು ಪೂರ್ತಿ ತೊಳೆದು, ಬೋರಲು ಹಾಕಿ, "ಇರ್ಲಿ ಬಿಡ್ರಿ" ಎಂದರು. ಅಷ್ಟೇ. ಏಪ್ರಿಲಿನಲ್ಲಿ ಮಾಮೂಲಿನಂತೆ ಕೆಲಸ ಕಳೆದುಕೊಂಡು, ಜೂನಿನಲ್ಲಿ ಮಾಮೂಲಿನಂತೆ ಬಂದರಂತೆ. ನಾನು ಆ ಬೇಸಿಗೆಯಲ್ಲೇ ಬೆಟಗೇರಿಯ ಕಡೆಗೆ ಬೇರೆ ಕೆಲಸ ಹುಡುಕಿಕೊಂಡು ಹೋದೆ. ಕಾರಣವನ್ನು ಮನೆಯ ಅನುಕೂಲವೆಂದು ಎಲ್ಲರಿಗೂ ಹೇಳಿದೆ. ಪುಸ್ತಕ ಎರಡನೆಯ ಸಲ ಅಚ್ಚಾದಾಗ ಆ ವಾಕ್ಯವನ್ನು ಬದಲಿಸಲು ಮುದ್ರಕರಿಗೆ ಚೀಟಿ ಕಳಿಸಿದ್ದೆ. ಹಳೆಯ ಅಚ್ಚಿನಿಂದಲೇ ಮುದ್ರಿಸಿಬಿಟ್ಟಿದ್ದರು. ನಾನು ಗಟ್ಟಿಯಾಗಿ ತಕರಾರು ಮಾಡಲಿಲ್ಲ.

ಕಾಯಂ ಆಗದವರಿಗೆ ನಿವೃತ್ತಿ ಇರುವುದಿಲ್ಲ. ಒಂದು ದಿನ ಬರುವುದನ್ನು ನಿಲ್ಲಿಸುತ್ತಾರೆ, ಅಷ್ಟೇ. ಕಾಕಾ ಮೊಣಕಾಲು ಸೋತ ಮೇಲೆ ಹಾಗೆ ನಿಲ್ಲಿಸಿದರಂತೆ. ಹೋದ ತಿಂಗಳು ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ನಾನೂ ಹೋಗಿದ್ದೆ. ಈಗಿನ ಪದಾಧಿಕಾರಿಗಳು ಅವರನ್ನು ಸಂಸ್ಥೆಯ ಅಡಿಗಲ್ಲು ಎಂದರು. ಠರಾವು ಬರೆಯುತ್ತಿದ್ದ ಗುಮಾಸ್ತ, ಹೆಸರಿನ ಮುಂದೆ ಹುದ್ದೆ ಏನೆಂದು ಬರೆಯಲಿ ಎಂದು ಕೇಳಿದಾಗ ಅಡಿಗಲ್ಲಿನ ಹುದ್ದೆ ಯಾರಿಗೂ ಹೊಳೆಯಲಿಲ್ಲ. ಅಲ್ಲಿ ಒಂದು ಗೆರೆ ಎಳೆದರು.

ಸಭೆ ಮುಗಿದ ಮೇಲೆ ನನ್ನನ್ನು ಪ್ರಯೋಗಾಲಯಕ್ಕೆ ಕರೆದವನು ನಿರ್ದೇಶಕರ ಆ ಭಾವಮೈದುನ. ಈಗ ಅವನ ತಲೆಯೂ ನರೆತಿದೆ. ನಾನು ಅವನನ್ನು ಇಷ್ಟು ವರ್ಷ ಅನ್ಯಾಯದ ಫಲಾನುಭವಿ ಎಂದೇ ನೆನೆದಿದ್ದೆ.

"ಮೇಡಂ, ಕೆಲಸಕ್ಕ ಬಂದ ಮೊದಲನೇ ದಿನಾನ ಕೀಲಿ ಕಾಕಾನ ಕೈಯಾಗ ಕೊಟ್ಟಬಿಟ್ಟೆ. ನಂಗ ಬೀಕರ್ ಹಿಡಿಯಾಕ ಬರ್ತಿದ್ದಿಲ್ಲರಿ. ಹೆದರಿಕಿ! ಕಾಕಾ ಬಿಡೂ ತನಕ ಕೀಲಿ ಅವರ ಕಡೇನ ಇತ್ತು. ಯಾರಿಗೂ ಹೇಳಿದ್ದಿಲ್ಲ."

ನಾನು ನಿಯಮದ ಮೂಲಕ ಕೊಡಿಸಲಾರದ್ದನ್ನು ಅವನು ನಿಯಮ ಮುರಿದು ಕೊಟ್ಟಿದ್ದ.

ಅವನು ಕಪಾಟಿನಿಂದ ನನ್ನ ಹಳದಿ ಪುಸ್ತಕವನ್ನೂ, ಮುರಿದ ಸಲಾಕೆಯನ್ನೂ ತೆಗೆದ. ಪ್ರತಿವರ್ಷ ವಿಸರಣೆಯ ಪಾಠದ ದಿನ ಕಾಕಾ ಒಬ್ಬ ವಿದ್ಯಾರ್ಥಿಯಿಂದ ಆ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಲಾಕೆಯ ಮುರಿದ ಬಾಯನ್ನು ಎಲ್ಲರ ಕೈಗೂ ಕೊಡುತ್ತಿದ್ದರಂತೆ. ನಾನು ಪುಟ ತೆರೆದು ನೋಡಿದೆ. ವಾಕ್ಯ ಹಾಗೆಯೇ ಇತ್ತು. ಒಂದು ಪೆನ್ಸಿಲ್ ಗುರುತೂ ಇಲ್ಲ.

"ಇಷ್ಟು ವರ್ಷ ಇದನ್ನ ತಿದ್ದಲಿಲ್ಲವೇ?"

"ನಾ ತಿದ್ದಾಕ ಹೋಗಿದ್ದೆ ಮೇಡಂ, ಕಾಕಾನ ಬ್ಯಾಡ ಅಂದ್ರು. 'ಬಾಯಾರ ಬರದದ್ದು, ಬಾಯಾರ ತಿದ್ದಲಿ. ತಿದ್ದತಾರ, ತಡ ಆಗತೈತಿ' ಅಂತಿದ್ರು."

ಆ ಪ್ರತಿಯನ್ನು ಅಲ್ಲಿಯೇ ನಿಂತು ತಿದ್ದಿದೆ. ಆದರೆ ಉಳಿದ ಪ್ರತಿಗಳು ಎಲ್ಲೆಲ್ಲಿವೆಯೋ ನನಗೆ ತಿಳಿಯದು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸುತ್ತಲಿನ ಶಾಲೆಗಳ ಕಪಾಟುಗಳಲ್ಲಿ ಅವು ಇನ್ನೂ ಇವೆ, ಮಕ್ಕಳು ಇನ್ನೂ ಓದುತ್ತಾರೆ ಎಂದು ಕೇಳಿದ್ದೇನೆ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಹಳದಿ ಹೊದಿಕೆಯ, ನಲವತ್ತೆಂಟು ಪುಟದ ಆ ಪುಸ್ತಿಕೆ ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ದ್ರವ್ಯದ ಸ್ಥಿತಿಗಳ ಅಧ್ಯಾಯವನ್ನು ತೆರೆಯಿರಿ. 'ಘನಗಳಲ್ಲಿ ನಡೆಯುವುದಿಲ್ಲ' ಎಂಬ ಸಾಲನ್ನು ಹೊಡೆದುಹಾಕಿ, 'ಘನಗಳಲ್ಲಿಯೂ ನಡೆಯುತ್ತದೆ, ಬಹಳ ನಿಧಾನವಾಗಿ. ಕಾಸಿದರೆ ಬೇಗ' ಎಂದು ಬರೆಯಿರಿ. ಪೆನ್ಸಿಲಿನಿಂದ ಬೇಡ, ಶಾಯಿಯಿಂದ ಬರೆಯಿರಿ.